ಟಿಕೆಟ್‌ಗೆ ₹236, ಡೇಟಾಗೆ ₹14: ಕಳಪೆ ಸ್ಲ್ಯಾಷರ್ ಸಿನಿಮಾದ ಜಮಾ-ಖರ್ಚು

ಮೈಸೂರಿನ ಮೇಟಗಳ್ಳಿಯಿಂದ ನಾಲ್ವರು ಮಲ್ಟಿಪ್ಲೆಕ್ಸ್‌ಗೆ ಹೊರಟರು ಎಂದಿಟ್ಟುಕೊಳ್ಳಿ. ಟಿಕೆಟ್‌ನ ಮೂಲಬೆಲೆ ₹200 ಇದ್ದರೆ ಶೇ 18ರ ಜಿಎಸ್‌ಟಿ ಸೇರಿ ತಲಾ ₹236, ನಾಲ್ವರಿಗೆ ₹944. ಪಾರ್ಕಿಂಗ್, ಪಾಪ್‌ಕಾರ್ನ್ ಇದರಲ್ಲಿ ಸೇರಿಲ್ಲ. ಅದೇ ನಾಲ್ವರು ಒಂದು ಕೋಣೆಯಲ್ಲಿ ಕುಳಿತು, ಒಬ್ಬರ ಮೊಬೈಲಿನಿಂದ ಟಿವಿಗೆ ಹಾಕಿಕೊಂಡು ಒಂದೂವರೆ ಗಂಟೆಯ ಸಿನಿಮಾ ನೋಡಿದರೆ, ಸಾಧಾರಣ ಗುಣಮಟ್ಟದ ಚಿತ್ರಕ್ಕೆ ಗಂಟೆಗೆ 1 ಜಿಬಿಯಂತೆ 1.5 ಜಿಬಿ ಡೇಟಾ ಸಾಕು. ಜಿಬಿಗೆ ಸುಮಾರು ₹9ರ ಲೆಕ್ಕದಲ್ಲಿ ಅದರ ಬೆಲೆ ₹14. ಎರಡು ಮೊತ್ತಗಳ ನಡುವಿನ ಅಂತರ 65 ಪಟ್ಟಿಗೂ ಹೆಚ್ಚು.

ಈ ಅಂತರ ಹತ್ತು ವರ್ಷದಲ್ಲಿ ಹುಟ್ಟಿದ್ದು. 2014ರಲ್ಲಿ ದೇಶದಲ್ಲಿ 1 ಜಿಬಿ ಮೊಬೈಲ್ ಡೇಟಾದ ಸರಾಸರಿ ಬೆಲೆ ₹269 ಇತ್ತು. ಆಗ ಅದೇ ಸಿನಿಮಾ ನೋಡಲು ₹400ಕ್ಕೂ ಹೆಚ್ಚು ಬೇಕಿತ್ತು. ಇಳಿಕೆ ಶೇ 96ಕ್ಕೂ ಹೆಚ್ಚು. ಅದಕ್ಕೂ ಮೊದಲು, 2007ರಲ್ಲಿ, ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು ₹28ಕ್ಕೂ ಡಿವಿಡಿಯನ್ನು ₹34ಕ್ಕೂ ಮಾರುಕಟ್ಟೆಗೆ ಬಿಟ್ಟಾಗ ಅದು ಸುದ್ದಿಯಾಗಿತ್ತು. ಹಣದುಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಇಂದಿನ ₹14 ಆ ವಿಸಿಡಿಯ ಅರ್ಧ ಬೆಲೆ.

ಅಗ್ಗದಲ್ಲಿ ತಯಾರಾದ, ಕಳಪೆ ಎಂದೇ ಹೆಸರಾದ ಸ್ಲ್ಯಾಷರ್ ಸಿನಿಮಾಗಳನ್ನು ಜನ ಏಕೆ ನೋಡುತ್ತಾರೆ ಎಂಬ ಪ್ರಶ್ನೆಯನ್ನು ಈ ₹14ರಿಂದ ಆರಂಭಿಸುವುದು ಸರಿ. ಸ್ಲ್ಯಾಷರ್ ಎಂದರೆ ಕೊಲೆಗಾರನೊಬ್ಬ, ಹೆಚ್ಚಾಗಿ ಮುಖವಾಡ ತೊಟ್ಟವನು, ಚಾಕು ಕೊಡಲಿ ಹಿಡಿದು ಒಂದು ಗುಂಪಿನವರನ್ನು ಒಬ್ಬೊಬ್ಬರಾಗಿ ಮುಗಿಸುತ್ತ ಹೋಗುವ ಸಿನಿಮಾ. ಇದರ ಆಕರ್ಷಣೆಗೆ ಅಭಿರುಚಿಯ ಕೊರತೆಯನ್ನು ಕಾರಣವಾಗಿ ಹೇಳುವುದು ವಾಡಿಕೆ. ಅಂಕಿಗಳು ಬೇರೆ ಕಾರಣ ಕೊಡುತ್ತವೆ: ಹೂಡುವವನಿಗೂ ನೋಡುವವನಿಗೂ ನಷ್ಟ ಚಿಕ್ಕದು, ಸಿಗುವುದೇನೆಂದು ಮೊದಲೇ ಗೊತ್ತು.

ಮಾದರಿ ಚಿತ್ರ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ‘ಹ್ಯಾಲೊವೀನ್’ (1978). ಅದರ ವೆಚ್ಚ ಸುಮಾರು 3.25 ಲಕ್ಷ ಡಾಲರ್. ಆಗಿನ ವಿನಿಮಯ ದರ ಡಾಲರ್‌ಗೆ ₹8ರ ಆಸುಪಾಸು. ಅಂದರೆ ಸುಮಾರು ₹27 ಲಕ್ಷ. ಅದಕ್ಕೆ ಮೂರು ವರ್ಷ ಮೊದಲು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಗೆ ತಗುಲಿದ್ದು ಸುಮಾರು ₹3 ಕೋಟಿ. ‘ಹ್ಯಾಲೊವೀನ್’ ವೆಚ್ಚ ಅದರ ಶೇ 9. ಜಗತ್ತಿನಾದ್ಯಂತ ಅದರ ಟಿಕೆಟ್ ಮಾರಾಟ ಸುಮಾರು 7 ಕೋಟಿ ಡಾಲರ್, ವೆಚ್ಚದ 215 ಪಟ್ಟು.

ಇಲ್ಲಿ ಒಂದು ವಿವರಣೆ. ‘ಗಳಿಕೆ’ ಎಂದು ಪ್ರಕಟವಾಗುವುದು ಒಟ್ಟು ಟಿಕೆಟ್ ಮಾರಾಟ, ಅಂದರೆ ಗ್ರಾಸ್. ಅದರಲ್ಲಿ ತೆರಿಗೆ, ಚಿತ್ರಮಂದಿರದ ಪಾಲು, ವಿತರಕರ ಕಮಿಷನ್ ಕಳೆದು ನಿರ್ಮಾಪಕರ ಕೈಗೆ ಬರುವುದು ಶೇರ್. ಈ ಲೇಖನದಲ್ಲಿ ಗಳಿಕೆ ವೆಚ್ಚದ ಇಷ್ಟು ‘ಪಟ್ಟು’ ಎಂದಲ್ಲೆಲ್ಲ ಗ್ರಾಸ್ ಎಂದೇ ಓದಿಕೊಳ್ಳಬೇಕು. ನಿರ್ಮಾಪಕರ ಪಾಲು ಅದರ ಅರ್ಧಕ್ಕಿಂತ ಕಡಿಮೆ.

‘ಹ್ಯಾಲೊವೀನ್’ ಉಳಿತಾಯ ಮಾಡಿದ್ದು ಎಲ್ಲಿ? ಮೊದಲನೆಯದು ನಟವರ್ಗ. ಚಿತ್ರದ ಏಕೈಕ ಪರಿಚಿತ ನಟ ಡೊನಾಲ್ಡ್ ಪ್ಲೆಸೆನ್ಸ್‌ಗೆ 20,000 ಡಾಲರ್, ನಾಯಕಿ ಜೇಮಿ ಲೀ ಕರ್ಟಿಸ್‌ಗೆ 8,000. ಎರಡೂ ಸೇರಿ ಒಟ್ಟು ವೆಚ್ಚದ ಶೇ 8.6. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ 2 ಡಾಲರ್‌ಗೂ ಕಡಿಮೆ ಬೆಲೆಗೆ ಕೊಂಡದ್ದು. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಾಯಕನ ಮುಖದ ಅಚ್ಚಿಗೆ ಬಿಳಿ ಬಣ್ಣ ಬಳಿದು ಬಳಸಿದರು. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಅಕ್ಟೋಬರ್‌ನಲ್ಲಿ, ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಬಣ್ಣ ಹಚ್ಚಿದ ತರಗೆಲೆಗಳನ್ನು ಬೀದಿಗೆ ಸುರಿದು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ಬೀದಿಗೆ ಮತ್ತೆ ಸುರಿದರು. ಇಷ್ಟಾದರೂ ಹಿನ್ನೆಲೆಯಲ್ಲಿ ತಾಳೆ ಜಾತಿಯ ಮರಗಳು ಕಾಣುತ್ತವೆ. ಇಲಿನಾಯ್‌ನಲ್ಲಿ ಅವು ಬೆಳೆಯುವುದಿಲ್ಲ.

ಎರಡು ವರ್ಷದ ನಂತರ ಬಂದ ‘ಫ್ರೈಡೆ ದ ಥರ್ಟೀನ್ತ್’ (1980) ಇದೇ ಸೂತ್ರವನ್ನು ಹಿಗ್ಗಿಸಿತು. ವೆಚ್ಚ 5.5 ಲಕ್ಷ ಡಾಲರ್. ಶೇ 69ರ ಏರಿಕೆ. ಕೊಲೆಗಳು ಮಾತ್ರ ದ್ವಿಗುಣ. ‘ಹ್ಯಾಲೊವೀನ್’ನ 91 ನಿಮಿಷದಲ್ಲಿ ಸಾಯುವ ಮನುಷ್ಯರು ಐವರು, ಅಂದರೆ 18 ನಿಮಿಷಕ್ಕೊಂದು ಸಾವು. ‘ಫ್ರೈಡೆ’ಯ 95 ನಿಮಿಷದಲ್ಲಿ ಹತ್ತು, ಅಂದರೆ ಒಂಬತ್ತೂವರೆ ನಿಮಿಷಕ್ಕೊಂದು. ಪ್ರತಿ ಸಾವಿಗೆ ತಗುಲಿದ ವೆಚ್ಚ 65,000 ಡಾಲರ್‌ನಿಂದ 55,000ಕ್ಕೆ ಇಳಿಯಿತು, ಶೇ 15ರಷ್ಟು ಅಗ್ಗ. ಹೀಗೆ ಎಣಿಸುವುದು ಕ್ರೂರವಾಗಿ ಕಾಣಬಹುದು. ಆದರೆ ಈ ಪ್ರಕಾರದ ನಿರ್ಮಾಪಕರು ಎಣಿಸಿದ್ದು ಹೀಗೆಯೇ, ನೋಡುಗರು ಎಣಿಸುವುದೂ ಹೀಗೆಯೇ. ವಿಮರ್ಶಕರು ಚಿತ್ರವನ್ನು ಹರಿದು ಹಾಕಿದರು. ಟಿಕೆಟ್ ಮಾರಾಟ 5.98 ಕೋಟಿ ಡಾಲರ್ ದಾಟಿತು, 109 ಪಟ್ಟು.

ಅದರಲ್ಲಿ ಕೊಲೆಗಾತಿಯ ಪಾತ್ರ ಮಾಡಿದ ಬೆಟ್ಸಿ ಪಾಮರ್‌ಗೆ ಹತ್ತು ದಿನದ ಕೆಲಸ, ದಿನಕ್ಕೆ 1,000 ಡಾಲರ್. ಹೊಸ ಕಾರು ಕೊಳ್ಳಲು ಹಣ ಬೇಕಿತ್ತು, ಅದಕ್ಕೆ ಒಪ್ಪಿದೆ ಎಂದು ಆಕೆಯೇ ಮುಂದೆ ಹೇಳಿಕೊಂಡರು. 1980ರಿಂದ 1989ರವರೆಗಿನ ಹತ್ತು ವರ್ಷದಲ್ಲಿ ಈ ಸರಣಿಯ ಎಂಟು ಚಿತ್ರಗಳು ಬಂದವು. ನೋಡುಗನಿಗೆ ಸಿಕ್ಕ ಭರವಸೆಯ ಪ್ರಮಾಣ ಅದು: ಸುಮಾರು 15 ತಿಂಗಳಿಗೊಮ್ಮೆ, ಒಂದೂವರೆ ಗಂಟೆ, ಅದೇ ಸರಕು.

ಕಳಪೆತನ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಲೆಕ್ಕವಿದೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ಒಂದು ರೋಲ್‌ನಲ್ಲಿ ಸಿಗುವುದು 4 ನಿಮಿಷ 26 ಸೆಕೆಂಡ್. 90 ನಿಮಿಷದ ಸಿನಿಮಾಕ್ಕೆ 8,100 ಅಡಿ ಬೇಕು. ಪ್ರತಿ ಶಾಟನ್ನು ಸರಾಸರಿ ಐದು ಸಲ ತೆಗೆದರೆ 40,500 ಅಡಿ, ಅಂದರೆ 102 ರೋಲ್. ಎರಡೇ ಸಲಕ್ಕೆ ನಿಲ್ಲಿಸಿದರೆ 16,200 ಅಡಿ, 41 ರೋಲ್. ಫಿಲ್ಮ್ ಕೊಳ್ಳುವ, ತೊಳೆಸುವ ಖರ್ಚಿನಲ್ಲಿ ಶೇ 60 ಉಳಿತಾಯ. ಚೌಕಟ್ಟಿನೊಳಗೆ ಇಣುಕಿದ ಮೈಕು, ತಪ್ಪಿ ಹೇಳಿದ ಮಾತು, ಸತ್ತವನ ಕಣ್ಣು ಮಿಟುಕಿದ್ದು ಇವೆಲ್ಲ ಪರದೆಯವರೆಗೆ ಬಂದದ್ದು ಆ ಶೇ 60ರ ದಾರಿಯಲ್ಲಿ. ನಿರ್ದೇಶಕರು ತಪ್ಪನ್ನು ಕಾಣಲಿಲ್ಲ ಎಂದಲ್ಲ, ತಿದ್ದುವ ರೋಲ್ ಇರಲಿಲ್ಲ.

ಡಿಜಿಟಲ್ ಕ್ಯಾಮೆರಾ ಈ ಬಾಬ್ತನ್ನು ಅಳಿಸಿತು. ತಪ್ಪುಗಳು ಉಳಿದವು, ಕಾರಣ ಬದಲಾಯಿತು: ಈಗ ದುಬಾರಿ ಇರುವುದು ದಿನ. ‘ಹ್ಯಾಲೊವೀನ್’ ಚಿತ್ರೀಕರಣ ಸುಮಾರು 20 ದಿನ. ದಿನಕ್ಕೆ ನಾಲ್ಕೂವರೆ ನಿಮಿಷದ ಸಿನಿಮಾ ಸಿದ್ಧವಾಯಿತು. 2023ರ ‘ವಿನ್ನಿ ದ ಪೂ: ಬ್ಲಡ್ ಆ್ಯಂಡ್ ಹನಿ’ 84 ನಿಮಿಷದ ಚಿತ್ರ, ಚಿತ್ರೀಕರಣ 10 ದಿನ, ದಿನಕ್ಕೆ ಎಂಟೂಕಾಲು ನಿಮಿಷಕ್ಕೂ ಹೆಚ್ಚು. ಮಕ್ಕಳ ಕಥೆಯ ಕರಡಿಯನ್ನು ಕೊಲೆಗಾರನನ್ನಾಗಿ ಮಾಡಿದ ಈ ಚಿತ್ರಕ್ಕೆ ಕಥೆಯ ಹಕ್ಕೂ ಪುಕ್ಕಟೆ: 1926ರ ಪುಸ್ತಕದ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2022ರ ಜನವರಿ 1ರಂದು ಮುಗಿದಿತ್ತು. ವೆಚ್ಚ 1 ಲಕ್ಷ ಡಾಲರ್‌ಗೂ ಕಡಿಮೆ, ಮಾರಾಟ 50 ಲಕ್ಷ ಡಾಲರ್‌ಗೂ ಹೆಚ್ಚು. ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ರಾಝಿ ಪ್ರಶಸ್ತಿಗಳಲ್ಲಿ ಐದಕ್ಕೆ ನಾಮನಿರ್ದೇಶನಗೊಂಡಿತು, ಐದನ್ನೂ ಗೆದ್ದಿತು.

ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕ್‌ನ ಅಂಗಸಂಸ್ಥೆಯ ನೋಟು ಮುದ್ರಣಾಲಯವಿದೆ. ಅಲ್ಲಿ ಅಚ್ಚು ತಪ್ಪಿದ ನೋಟು ರದ್ದಿಗೆ ಹೋಗುತ್ತದೆ. ಸ್ಲ್ಯಾಷರ್ ಮಾರುಕಟ್ಟೆಯಲ್ಲಿ ಅಚ್ಚು ತಪ್ಪಿದ್ದಕ್ಕೇ ಬೇರೆ ಗಿರಾಕಿ.

ಆ ಗಿರಾಕಿ ಯಾರು? ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕೀವನ್ ಸರ್ಖೋಶ್ ಮತ್ತು ವಿನ್‌ಫ್ರೀಡ್ ಮೆನ್ನಿಂಗ್‌ಹೌಸ್ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕಳಪೆ ಸಿನಿಮಾ ನೋಡುವ 372 ಜನ ಉತ್ತರಿಸಿದ್ದರು. ಇವರ ಶಿಕ್ಷಣ ಸರಾಸರಿಗಿಂತ ಹೆಚ್ಚು. ಕಲಾತ್ಮಕ ಚಿತ್ರಗಳನ್ನೂ ನೋಡುವವರು ಇವರೇ. ತಾವು ನೋಡುವ ಚಿತ್ರಗಳನ್ನು ಬಣ್ಣಿಸಲು ಇವರು ಹೆಚ್ಚಾಗಿ ಬಳಸಿದ ಮಾತು ‘ಅಗ್ಗದ್ದು’. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದೆ ನೋಡುವವರಲ್ಲ, ತಿಳಿದೇ ನೋಡುವವರು. ಉತ್ತರಿಸಿದವರೆಲ್ಲ ತಾವಾಗಿ ಮುಂದೆ ಬಂದವರು ಎಂಬುದನ್ನು ಮರೆಯಬಾರದು. 372ರಿಂದ ಎಲ್ಲ ನೋಡುಗರ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಎರಡನೆಯ ಅಧ್ಯಯನ ಡೆನ್ಮಾರ್ಕ್‌ನದು, 2020ರದು. ಭಯ ಹುಟ್ಟಿಸಲೆಂದೇ ಕಟ್ಟಿದ ಮನೆಯೊಳಗೆ 110 ಜನರನ್ನು ಹೃದಯ ಬಡಿತದ ಮಾಪಕ ಕಟ್ಟಿ ಕಳುಹಿಸಿದರು. ಭಯ ತೀರಾ ಕಡಿಮೆಯಾದಾಗಲೂ ತೀರಾ ಹೆಚ್ಚಾದಾಗಲೂ ಮಜಾ ಇಳಿಯಿತು; ನಡುವೆ ಏರಿತು. ಇದನ್ನು ಕಳಪೆ ಸ್ಲ್ಯಾಷರ್‌ಗೆ ಅನ್ವಯಿಸಿ ಹೇಳುವುದು ನನ್ನ ಊಹೆ, ಸಂಶೋಧಕರದಲ್ಲ: ಚೆನ್ನಾಗಿ ತೆಗೆದ ಭಯದ ಚಿತ್ರವನ್ನು ಸಹಿಸಲಾಗದವರಿಗೆ ಕೆಟ್ಟದಾಗಿ ತೆಗೆದದ್ದು ಆ ನಡುವಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ರಕ್ತ ರಕ್ತದಂತೆ ಕಾಣದಿರುವುದು ಅವರಿಗೆ ಅನುಕೂಲವೇ.

ಈ ಗಿರಾಕಿಯನ್ನು ತಡೆಯುವ ಯತ್ನವೂ ನಡೆದಿತ್ತು: ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಪ್ರಾಸಿಕ್ಯೂಷನ್ ಇಲಾಖೆ ಮೊಕದ್ದಮೆಗೆಂದು ಇಂಥ 72 ವಿಡಿಯೊಗಳ ಪಟ್ಟಿ ಮಾಡಿತು. ಶಿಕ್ಷೆಯವರೆಗೆ ಹೋದದ್ದು 39. ಉಳಿದ 33ಕ್ಕೆ ಸಿಕ್ಕಿದ್ದು ಪುಕ್ಕಟೆ ಜಾಹೀರಾತು.

ಭಾರತದಲ್ಲಿ ಅಗ್ಗದ ಭಯದ ಈ ಗಣಿತವನ್ನು ಮೊದಲು ಹಿಡಿದವರು ಮುಂಬೈನ ರಾಮ್ಸೆ ಕುಟುಂಬ. 1970ರಲ್ಲಿ ತಂದೆ ಎಫ್.ಯು. ರಾಮ್ಸೆ ನಿರ್ಮಿಸಿದ ‘ಏಕ್ ನನ್ಹಿ ಮುನ್ನಿ ಲಡ್ಕಿ ಥಿ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ತೊಟ್ಟು ಕಳವಿಗೆ ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಬೆಚ್ಚಿ ಕೂಗುವುದನ್ನು ಮಕ್ಕಳು ಚಿತ್ರಮಂದಿರದಲ್ಲಿ ಕಂಡರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಹುಟ್ಟಿದ್ದು ಹಾಗೆ: ಮಹಾಬಲೇಶ್ವರದಲ್ಲಿ 40 ದಿನ, ವರದಿಯಾದ ವೆಚ್ಚ ₹3.5 ಲಕ್ಷ, ವರದಿಯಾದ ಗಳಿಕೆ ₹45 ಲಕ್ಷ, ಸುಮಾರು 13 ಪಟ್ಟು. ಡಾಲರ್‌ಗೆ ಬದಲಿಸಿದರೆ ಅದರ ವೆಚ್ಚ ‘ಹ್ಯಾಲೊವೀನ್’ನ ಏಳನೇ ಒಂದು ಭಾಗ. ಚಿತ್ರಕಥೆ, ಕ್ಯಾಮೆರಾ, ಧ್ವನಿ, ಸಂಕಲನ, ನಿರ್ದೇಶನವನ್ನು ಏಳು ಸಹೋದರರೇ ಹಂಚಿಕೊಂಡಿದ್ದರಿಂದ ತಂತ್ರಜ್ಞರ ಸಂಬಳದ ಬಹುಪಾಲು ಮನೆಯಲ್ಲೇ ಉಳಿಯಿತು.

ಕನ್ನಡದಲ್ಲಿ ಇಂಥ ಕುಟುಂಬ ಹುಟ್ಟಲಿಲ್ಲ. ಕಡಿಮೆ ವೆಚ್ಚದಲ್ಲಿ ಕೊಲೆ-ಭಯದ ಕಥೆ ಹೇಳಿದ ಹೆಸರುಗಳು ಬೆರಳೆಣಿಕೆಯವು: ಕಾಶಿನಾಥ್ ಅವರ ‘ಅಪರಿಚಿತ’ (1978), ಸುನೀಲ್ ಕುಮಾರ್ ದೇಸಾಯಿ ಅವರ ಹಾಡುಗಳಿಲ್ಲದ ‘ತರ್ಕ’ (1989), ಸಿನಿಮಾ ತಂಡದ ಸುತ್ತ ಕೊಲೆಗಳು ನಡೆಯುವ ಉಪೇಂದ್ರ ಅವರ ‘ಶ್!’ (1993), ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ತೆಗೆದ ಕೆ.ಎಸ್. ಅಶೋಕ ಅವರ ‘6-5=2’ (2013). ನಡುವಿನ ಅಂತರ 11, 4, 20 ವರ್ಷ. ಇವುಗಳಲ್ಲಿ ಸ್ಲ್ಯಾಷರ್‌ಗೆ ಹತ್ತಿರ ನಿಲ್ಲುವುದು ‘ಶ್!’ ಒಂದೇ. ನಾಲ್ಕರಲ್ಲಿ ಯಾವುದನ್ನೂ ಕೆಟ್ಟ ಸಿನಿಮಾ ಎನ್ನಲಾಗದು; ಅಗ್ಗದಲ್ಲೂ ಅಚ್ಚುಕಟ್ಟಾಗಿ ಮಾಡಿದವು. ಚಾಕುವನ್ನೇ ನಡುವೆ ಇಟ್ಟ ಸರಣಿ ‘ದಂಡುಪಾಳ್ಯ’: 2012, 2017, 2018, 2019, ಏಳು ವರ್ಷದಲ್ಲಿ ನಾಲ್ಕು ಚಿತ್ರ. ಅದರ ಆಧಾರ ನಿಜವಾದ ಅಪರಾಧ ಪ್ರಕರಣ, ಆದ್ದರಿಂದ ನಗುವ ಅವಕಾಶ ಅಲ್ಲಿಲ್ಲ.

ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರ ಬಿಡುಗಡೆಯಾಗುವ ಉದ್ಯಮದಲ್ಲಿ ಕಳಪೆ ಚಿತ್ರಗಳಿಗೆ ಬರವಿಲ್ಲ; ಕಳಪೆ ಸ್ಲ್ಯಾಷರ್‌ಗೆ ಬರ. ಇದನ್ನು ಕನ್ನಡಿಗರ ಸಭ್ಯತೆ ಎಂದುಕೊಳ್ಳುವ ಮೊದಲು ಮೂರು ಅಂಕಿಗಳನ್ನು ನೋಡಬೇಕು.

ಮೊದಲನೆಯದು ಸೊನ್ನೆ. ಸೆನ್ಸಾರ್ ಮಂಡಳಿಯ ‘ಎ’ ಪ್ರಮಾಣಪತ್ರ ಪಡೆದ ಚಿತ್ರವನ್ನು ಹಾಗೆಯೇ ಟಿವಿಯಲ್ಲಿ ಪ್ರಸಾರ ಮಾಡುವಂತಿಲ್ಲ. ದೃಶ್ಯ ಕತ್ತರಿಸಿ ‘ಯುಎ’ ಪಡೆಯುವವರೆಗೆ ಟಿವಿ ಹಕ್ಕಿನ ಆದಾಯ ₹0. ಹತ್ತು ಸಾವಿನ ಚಿತ್ರದಲ್ಲಿ ಸಾವುಗಳನ್ನು ಕತ್ತರಿಸಿದರೆ ಉಳಿಯುವುದು ಕಾಡಿನಲ್ಲಿ ನಡೆದಾಡುವ ಯುವಕ ಯುವತಿಯರು.

ಎರಡನೆಯದು ₹10 ಲಕ್ಷ. ರಾಜ್ಯ ಸರ್ಕಾರ ಆಯ್ದ ಕನ್ನಡ ಚಿತ್ರಗಳಿಗೆ ಕೊಡುವ ಸಹಾಯಧನದ ಸಾಮಾನ್ಯ ಮೊತ್ತ ಇದು. ಚಿತ್ರಗಳ ಮಿತಿಯನ್ನು 2022–23ರ ಬಜೆಟ್‌ನಲ್ಲಿ 125ರಿಂದ 200ಕ್ಕೆ ಏರಿಸಲಾಯಿತು, ಶೇ 60ರ ಹೆಚ್ಚಳ. ಆಯ್ಕೆ ಸಮಿತಿ ನೋಡುವುದು ಗುಣಮಟ್ಟವನ್ನು. ₹1 ಕೋಟಿಯ ಚಿತ್ರಕ್ಕೆ ಈ ಹಣ ಶೇ 10, ₹30 ಲಕ್ಷದ ಚಿತ್ರಕ್ಕೆ ಶೇ 33. ಹೀಗಾಗಿ ಸಹಾಯಧನ ಹೆಚ್ಚು ಬೇಕಿರುವುದು ಅತಿ ಅಗ್ಗದ ಚಿತ್ರಕ್ಕೆ. ಅದು ಸಿಗುವ ಸಂಭವ ಕಡಿಮೆ ಇರುವುದೂ ಅದಕ್ಕೇ.

ಮೂರನೆಯದು 60,000. ₹30 ಲಕ್ಷ ವೆಚ್ಚದ ಒಂದು ಸ್ಲ್ಯಾಷರ್ ಊಹಿಸಿಕೊಳ್ಳಿ. ಪ್ರಚಾರದ ಖರ್ಚೂ ಅದರಲ್ಲೇ. ತೆರಿಗೆ ಬಿಟ್ಟು ಟಿಕೆಟ್ ₹100, ಅದರಲ್ಲಿ ಅರ್ಧ ನಿರ್ಮಾಪಕರಿಗೆ ಎಂದು ಹಿಡಿದರೆ ಹಾಕಿದ ಹಣ ಮರಳಲು 60,000 ಟಿಕೆಟ್ ಮಾರಾಟವಾಗಬೇಕು. 200 ಆಸನದ ಪರದೆಯಲ್ಲಿ ಅದು 300 ಹೌಸ್‌ಫುಲ್ ಪ್ರದರ್ಶನ. ಪ್ರತಿ ಪ್ರದರ್ಶನಕ್ಕೆ 50 ಜನ ಬಂದರೆ 1,200 ಪ್ರದರ್ಶನ. ಹೆಸರಿಲ್ಲದ ನಟರ ‘ಎ’ ಚಿತ್ರಕ್ಕೆ ಮೊದಲ ವಾರ ದಾಟುವುದೇ ಕಷ್ಟ. ಸಹಾಯಧನ ಬಂದರೆ ಈ ಸಂಖ್ಯೆ 40,000ಕ್ಕೆ ಇಳಿಯುತ್ತದೆ.

ಟಿಕೆಟ್ ದರದ ನೀತಿ ಈ ಲೆಕ್ಕವನ್ನು ಬದಲಿಸೀತೆ? 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಗರಿಷ್ಠ ದರವನ್ನು ತೆರಿಗೆ ಬಿಟ್ಟು ₹200ಕ್ಕೆ ಮಿತಿಗೊಳಿಸಿತು. 23ರಂದು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದೇ ತಿಂಗಳ 22ರಿಂದ ₹100ರವರೆಗಿನ ಟಿಕೆಟ್‌ನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದು, ₹112 ಇದ್ದದ್ದು ₹105 ಆಯಿತು. ನೋಡುಗನಿಗೆ ₹7 ಉಳಿತಾಯ. ಮನೆಯ ₹14ರ ಎದುರು ಇದು ದೊಡ್ಡ ವ್ಯತ್ಯಾಸವಲ್ಲ.

ಭಯವನ್ನು ಬೇರೆ ರೀತಿಯಲ್ಲಿ ಮಾರಿದವರು ಗೆದ್ದಿದ್ದಾರೆ. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ಸುಮಾರು ₹5 ಕೋಟಿಯಲ್ಲಿ ತಯಾರಾಗಿ ₹100 ಕೋಟಿ ದಾಟಿತು ಎಂಬುದು ವರದಿಯಾದ ಲೆಕ್ಕ, 20 ಪಟ್ಟು. ₹16 ಕೋಟಿಯ ‘ಕಾಂತಾರ’ (2022) ₹400 ಕೋಟಿ, 25 ಪಟ್ಟು. ಹೋಲಿಕೆಗೆ, ಭಯದ ಚಿತ್ರವಲ್ಲದ ₹100 ಕೋಟಿಯ ‘ಕೆಜಿಎಫ್ 2’ ₹1,200 ಕೋಟಿ, 12 ಪಟ್ಟು. ‘ಸು ಫ್ರಮ್ ಸೋ’ದಲ್ಲಿ ದೆವ್ವದ ಹೆಸರಿದೆ, ನಗುವಿದೆ, ಮನೆಮಂದಿಯೆಲ್ಲ ಒಟ್ಟಿಗೆ ನೋಡುವ ಅವಕಾಶವಿದೆ. ಚಾಕು ಇಲ್ಲ.

ಜನರಿಂದಲೇ ಹಣ ಎತ್ತುವ ದಾರಿಯೂ ಇದೆ. ಅಮೆರಿಕದ ‘ಟೆರಿಫೈಯರ್ 2’ (2022) ತಂಡ ಒಂದು ದೃಶ್ಯಕ್ಕೆಂದು 50,000 ಡಾಲರ್ ಕೇಳಿತು. ಅಭಿಮಾನಿಗಳು ಕೊಟ್ಟಿದ್ದು ಐದು ಪಟ್ಟು. 2024ರ ಮೂರನೆಯ ಭಾಗಕ್ಕೆ ಸುಮಾರು 20 ಲಕ್ಷ ಡಾಲರ್ ಹಾಕಿದರು. ಬಿಡುಗಡೆಯ ವಾರಾಂತ್ಯದಲ್ಲಿ ಅದು 19 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚದ ‘ಜೋಕರ್’ನ ಎರಡನೆಯ ಭಾಗವನ್ನು ಹಿಂದಿಕ್ಕಿತು. ಕನ್ನಡಕ್ಕೆ ಈ ದಾರಿ ಹೊಸದಲ್ಲ: ಪವನ್ ಕುಮಾರ್ ಅವರ ‘ಲೂಸಿಯಾ’ಗೆ (2013) 110 ಜನ 27 ದಿನದಲ್ಲಿ ₹51 ಲಕ್ಷ ಕೊಟ್ಟಿದ್ದರು. ತಲಾ ಸರಾಸರಿ ₹46,000. ಅವರು ಹಣ ಕೊಟ್ಟದ್ದು ಒಳ್ಳೆಯ ಸಿನಿಮಾದ ನಿರೀಕ್ಷೆಯಲ್ಲಿ. ಕೆಟ್ಟದ್ದನ್ನು ಬಯಸಿ ₹46,000 ಕೊಡುವವರು ಸಿಗಲಾರರು. ₹500 ಕೊಡುವ ಆರು ಸಾವಿರ ಜನ ಬೇಕು.

ಅಗ್ಗದ ಸಿನಿಮಾ ಎಂದರೆ ಯಾವ ಬಾಬ್ತು ಕಡಿತವಾಯಿತು ಎಂದು ಕೇಳುವುದು ಅಗತ್ಯ. ಮೈಸೂರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 1989ರ ಫೆಬ್ರುವರಿ 8ರಂದು ನಗರದ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 62 ಜನ ಸತ್ತರು. ಅದು ಅಗ್ಗದ ನಿರ್ಮಾಣವಾಗಿರಲಿಲ್ಲ, ಸ್ಲ್ಯಾಷರ್ ಅಂತೂ ಅಲ್ಲ. ಬೇಗ ಹೊತ್ತಿಕೊಳ್ಳುವ ಸೆಟ್ ಸಾಮಗ್ರಿ, ಬಿಸಿ ಏರಿಸುವ ದೀಪಗಳು, ಮುಚ್ಚಿದ ಜಾಗ ಇವು ಮೂರೂ ಒಂದೆಡೆ ಸೇರಿದ್ದವು. ‘ಹ್ಯಾಲೊವೀನ್’, ‘ಫ್ರೈಡೆ’ ಎರಡರಲ್ಲೂ ಪರದೆಯ ಮೇಲೆ ಸತ್ತವರನ್ನು ಕೂಡಿಸಿದರೆ 15.

₹30 ಲಕ್ಷ ಹಿಡಿದುಕೊಂಡು ಸ್ಲ್ಯಾಷರ್ ತೆಗೆಯಲು ಹೊರಡುವ ಹುಡುಗರಿಗೆ ಒಂದು ಮಾತು. ಮುಖವಾಡದಲ್ಲಿ, ತರಗೆಲೆಯಲ್ಲಿ, ಬಣ್ಣದ ನೀರಿನಲ್ಲಿ ಎಷ್ಟು ಬೇಕಾದರೂ ಉಳಿಸಿ. ಅಲ್ಲಿ ಕಂಡ ಕಳಪೆಗೆ ನೋಡುಗರಿದ್ದಾರೆ. ಎಲೆಕ್ಟ್ರಿಷಿಯನ್, ವಿಮೆ, ಬೆಂಕಿ ನಂದಿಸುವ ಸಿಲಿಂಡರ್, ರಾತ್ರಿ ಚಿತ್ರೀಕರಣ ಮುಗಿಸಿದವರನ್ನು ಮನೆಗೆ ಬಿಡುವ ವಾಹನ ಈ ನಾಲ್ಕು ಬಾಬ್ತುಗಳನ್ನು ಮೊದಲೇ ತೆಗೆದಿಡಿ. 60,000 ಟಿಕೆಟ್‌ನ ಲೆಕ್ಕವನ್ನು ಕ್ಯಾಮೆರಾ ಬಾಡಿಗೆಗೆ ತರುವ ಮೊದಲು ಒಮ್ಮೆ ಹಾಕಿ ನೋಡಿ. ಟಿವಿಯ ಸಾಲಿನಲ್ಲಿ ಸೊನ್ನೆ ಬರೆಯುವುದನ್ನು ಮರೆಯಬೇಡಿ.